ವಾಹನ ಪತ್ತೆಯಾಗದಿದ್ದರೂ ಪರಿಹಾರವುಂಟು



ಕಲಘಟಗಿ, ನವಲಗುಂದಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಾಗಲಿ, ಅಣ್ಣಿಗೇರಿಯ ಹೆದ್ದಾರಿ 67ರಲ್ಲಾಗಲಿ, ಹೊಲದಿಂದ ಮರಳುವ ರೈತನಿಗೆ ಇರುಳಲ್ಲಿ ಗುದ್ದಿದ ವಾಹನ ನಿಲ್ಲದೆ ಹೋದರೆ, "ಗಾಡಿ ನಂಬರೇ ಇಲ್ಲ, ಯಾರ ಮೇಲೆ ದಾವೆ?" ಎಂದು ಮನೆಯವರು ಕೈಚೆಲ್ಲುತ್ತಾರೆ. ಇದು ತಪ್ಪು ತಿಳಿವಳಿಕೆ. ಮೋಟಾರು ವಾಹನ ಕಾಯ್ದೆಯ 161ನೆಯ ಕಲಮಿನಂತೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಡಿ, ಮೃತರ ವಾರಸುದಾರರಿಗೆ 2 ಲಕ್ಷ ರೂ., ತೀವ್ರ ಗಾಯಾಳುಗಳಿಗೆ 50,000 ರೂ. ಸಲ್ಲಬೇಕು. ಜೀವದ ಬೆಲೆ ಇದಲ್ಲ, ನಿಜ. ಆಸ್ಪತ್ರೆಯ ಸಾಲಕ್ಕಾದರೂ ಆಸರೆ. ಅರ್ಜಿಯನ್ನು ಕಂದಾಯ ಉಪವಿಭಾಗದ ಕ್ಲೇಮು ವಿಚಾರಣಾಧಿಕಾರಿಗೆ ಸಲ್ಲಿಸಬೇಕು. ಆದರೆ ಪೊಲೀಸ್ ದೂರು ದಾಖಲಾಗದೆ ಶವಸಂಸ್ಕಾರ ಮುಗಿದರೆ ಮರಣೋತ್ತರ ಪರೀಕ್ಷೆಯ ವರದಿಯೂ ಇಲ್ಲ, ಸಾಕ್ಷ್ಯವೂ ಇಲ್ಲ. ಆದ್ದರಿಂದ ಸುದ್ದಿ ಬಂದ ದಿನವೇ ಮನೆಯವರೊಡನೆ ತಾವೇ ಠಾಣೆಗೆ ಹೋಗಿರಿ. ಮುಂದೆ ವಾಹನ ಪತ್ತೆಯಾದರೆ ನ್ಯಾಯಮಂಡಳಿಯಲ್ಲಿ ಪೂರ್ಣ ಪರಿಹಾರ ಕೇಳಬಹುದು; ಈಗ ಪಡೆದ ಮೊತ್ತ ಅದರಲ್ಲಿ ವಜಾ ಆಗುತ್ತದೆ.