ಟರ್ಬೋ ಡೀಸೆಲ್ ಲಾರಿಗೆ ಹೊಗೆಯ ಶಾಖ ಅಳೆಯುವ ಮೀಟರ್

(ಲಾರಿ ಮತ್ತು ಟ್ರ್ಯಾಕ್ಟರ್ ಹೊಂದಿರುವ ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೆಳೆದದ್ದನ್ನು ಪೇಟೆಗೆ ಸಾಗಿಸಲು ಸ್ವಂತ ಲಾರಿ ಇಟ್ಟುಕೊಂಡಿರುವ ರೈತರು ಇಂದು ನಮ್ಮಲ್ಲಿ ಅನೇಕರಿದ್ದಾರೆ. ಕಬ್ಬು, ಈರುಳ್ಳಿ, ಟೊಮೇಟೊ, ತೆಂಗಿನಕಾಯಿ ಎಲ್ಲವೂ ಈ ಲಾರಿಗಳಲ್ಲೇ ಹೋಗಬೇಕು. ಬಹುಮಂದಿ ಹಳೆಯ ಲಾರಿಯನ್ನು ಸಾಲ ಮಾಡಿ ಕೊಂಡವರು. ಇಂಜಿನ್ನಿನ ಪಿಸ್ಟನ್ ಸುಟ್ಟಿತೆಂದರೆ ಲೈನರ್, ಟರ್ಬೋ ಎಲ್ಲಕ್ಕೂ ಖರ್ಚು ಬಂದು ಒಂದು ಬೆಳೆಯ ಲಾಭವೇ ಕೈಬಿಡುತ್ತದೆ. ಲಾರಿ ಘಾಟಿಯಲ್ಲಿ ನಿಂತರೆ ಮೇಲಿರುವ ಟೊಮೇಟೊ ರಿಪೇರಿ ಆಗುವವರೆಗೆ ಕಾಯುವುದಿಲ್ಲ. ಇಂತಹ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲ ಒಂದು ಸಣ್ಣ ಉಪಕರಣದ ವಿಷಯವನ್ನು ಈ ದಿನ ತಮ್ಮ ಮುಂದೆ ಇಡುತ್ತೇನೆ. ಅದೇ ಇಂಜಿನ್ನಿನಿಂದ ಹೊರಬರುವ ಹೊಗೆಯ ಶಾಖವನ್ನು ಅಳೆಯುವ ಮೀಟರ್.

ನೀರಿನ ಮೀಟರ್ ಇದ್ದರೆ ಸಾಲದೇ?

ಡ್ಯಾಶ್‌ಬೋರ್ಡಿನಲ್ಲಿ ರೇಡಿಯೇಟರ್ ನೀರಿನ ಶಾಖ ತೋರಿಸುವ ಮುಳ್ಳು ಇದ್ದೇ ಇದೆಯಲ್ಲ ಎಂದು ತಾವು ಕೇಳಬಹುದು. ಆಲೆಮನೆಯನ್ನು ನೆನೆಯಿರಿ. ಒಲೆಗೆ ಸಿಪ್ಪೆ ಹಾಕುವವನು ಉರಿಯನ್ನು ನೋಡಿ ಹಾಕುತ್ತಾನೆ. ಕೊಪ್ಪರಿಗೆಯ ಹಾಲು ಬಿಸಿಯೇರಲು ಹೊತ್ತು ಬೇಕು. ಅದು ಉಕ್ಕಿದ ಮೇಲೆ ಉರಿ ಹೆಚ್ಚಾಯಿತೆಂದು ತಿಳಿದು ಫಲವಿಲ್ಲ. ರೇಡಿಯೇಟರಿನ ನೀರು ಕೊಪ್ಪರಿಗೆಯ ಹಾಲಿದ್ದಂತೆ. ಹೊಗೆಯ ಶಾಖವೇ ಉರಿ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಹೊಗೆಯ ಶಾಖ ಕೆಲವೇ ಸೆಕೆಂಡುಗಳಲ್ಲಿ ಇನ್ನೂರು ಡಿಗ್ರಿಗಳಷ್ಟು ಏರಬಹುದು. ನೀರಿನ ಮುಳ್ಳು ಆಗಲೂ ಕದಲಿರುವುದಿಲ್ಲ.

ಡೀಸೆಲ್ ಇಂಜಿನ್ನಿನಲ್ಲಿ ಒಂದು ಮಾತನ್ನು ಚೆನ್ನಾಗಿ ತಿಳಿದಿರಬೇಕು. ಒಳಗೆ ಬರುವ ಗಾಳಿಗೆ ಹೋಲಿಸಿ ಡೀಸೆಲ್ ಹೆಚ್ಚಾದಷ್ಟೂ ಹೊಗೆ ಬಿಸಿಯಾಗುತ್ತದೆ. ಡೀಸೆಲ್ ಕಡಿಮೆಯಾದರೆ, ಇಲ್ಲವೇ ಗಾಳಿ ಹೆಚ್ಚಾದರೆ ತಣಿಯುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್‌ಫ್ರೆಡ್ ಬೂಚಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೋ ವ್ಯವಸ್ಥೆ ಹೆಚ್ಚಿನ ಗಾಳಿಯನ್ನು ಇಂಜಿನ್ನಿಗೆ ತುಂಬುವುದಕ್ಕಾಗಿಯೇ ಹುಟ್ಟಿದ್ದು. ಹೊರಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಸಣ್ಣ ಟರ್ಬೋಗಳಲ್ಲಿ ಈ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ.

ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಪಿಸ್ಟನ್ನಿನ ಲೋಹ ಕರಗುವುದಕ್ಕೆ ಬಹಳ ಮುಂಚೆಯೇ, ತಾನು 300 ಡಿಗ್ರಿ ದಾಟುತ್ತಿದ್ದಂತೆಯೇ, ಬಲ ಕುಂದತೊಡಗುತ್ತದೆ. ಲೈನರ್ ಮತ್ತು ಆಯಿಲ್ ಅದರ ಶಾಖವನ್ನು ಎಳೆದುಕೊಳ್ಳುವುದರಿಂದಲೇ ಅದು ಬದುಕಿರುವುದು. ಉರಿ ಮಿತಿಮೀರಿ ಬಹಳ ಹೊತ್ತು ನಿಂತರೆ ಪಿಸ್ಟನ್ನಿನ ತಲೆ ಸೀಳುತ್ತದೆ, ಮ್ಯಾನಿಫೋಲ್ಡ್ ಬಿರಿಯುತ್ತದೆ, ಟರ್ಬೋ ಚಕ್ರ ಹಾಳಾಗುತ್ತದೆ.

ಮೀಟರ್ ಕೆಲಸ ಮಾಡುವ ಬಗೆ

ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಯನ್ನು ಬೆಸೆದು ಆ ತುದಿಯನ್ನು ಕಾಯಿಸಿದರೆ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಜರ್ಮನಿಯ ವಿಜ್ಞಾನಿ ಸೀಬೆಕ್ 1821ರಲ್ಲಿ ಕಂಡುಕೊಂಡ ಸಂಗತಿ ಇದು. ಇಂತಹ ತಂತಿಜೋಡಿಗೆ ಥರ್ಮೋಕಪಲ್ ಎಂದು ಹೆಸರು. ಲಾರಿಗೆ ಬಳಸುವುದು ಕೆ-ಟೈಪ್ ಥರ್ಮೋಕಪಲ್. ಇದು 650 ಡಿಗ್ರಿಯಲ್ಲಿ ಕೊಡುವುದು ಸುಮಾರು 27 ಮಿಲಿವೋಲ್ಟ್ ಮಾತ್ರ. ಟಾರ್ಚಿನ ಒಂದು ಸೆಲ್ಲಿನ ಐವತ್ತರಲ್ಲಿ ಒಂದು ಪಾಲೂ ಅಲ್ಲ. ಇಷ್ಟು ಸೂಕ್ಷ್ಮವಾದ್ದರಿಂದ ವೈರಿಂಗಿನಲ್ಲಿ ಅಲಕ್ಷ್ಯ ಮಾಡಿದರೆ ಮೀಟರ್ ಸುಳ್ಳು ಹೇಳುತ್ತದೆ.

ಯಾವ ಗಾಡಿಗೆ ಹಾಕಬೇಕು?

ಯಾಂತ್ರಿಕ ಡೀಸೆಲ್ ಪಂಪ್ ಇರುವ ಹಳೆಯ ಟರ್ಬೋ ಲಾರಿಗಳಿಗೆ ಮತ್ತು ಟರ್ಬೋ ಟ್ರ್ಯಾಕ್ಟರುಗಳಿಗೆ ಇದು ತಕ್ಕದ್ದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಲಾರಿಗಳಲ್ಲಿ ಹೊಗೆಯ ಶಾಖವನ್ನು ಅಳೆಯುವ ಸೆನ್ಸರುಗಳು ಕಂಪನಿಯಿಂದಲೇ ಇರುತ್ತವೆ. ಕಂಪ್ಯೂಟರ್ ಅವನ್ನು ಗಮನಿಸುತ್ತದೆ. ಅಂತಹ ಗಾಡಿಯ ಮ್ಯಾನಿಫೋಲ್ಡಿಗೆ ರಂಧ್ರ ಕೊರೆಯಬಾರದು. ವಾರಂಟಿ ಇರುವ ಯಾವ ಗಾಡಿಗೂ ಡೀಲರರನ್ನು ಕೇಳದೆ ಕೈಹಾಕಬಾರದು.

ಜೋಡಿಸುವ ಕ್ರಮ

ಈ ಕೆಲಸವನ್ನು ಅನುಭವವುಳ್ಳ ಮೆಕ್ಯಾನಿಕ್‌ನಿಂದಲೇ ಮಾಡಿಸಬೇಕು. ಆದರೆ ಮಾಲೀಕರು ಕ್ರಮವನ್ನು ತಿಳಿದು ಹತ್ತಿರ ನಿಂತಿರಬೇಕು.

1. ಮೊದಲು ಜಾಗ ಗೊತ್ತುಮಾಡಿಕೊಳ್ಳಿ. ಎಲ್ಲ ಸಿಲಿಂಡರುಗಳ ಹೊಗೆಯೂ ಕೂಡಿ ಟರ್ಬೋಗೆ ಹೋಗುವ ಮುನ್ನ ಮ್ಯಾನಿಫೋಲ್ಡಿನಲ್ಲಿ ಸಿಗುವ ಸ್ಥಳ ಉತ್ತಮ. ಕೆಲವು ಆರು ಸಿಲಿಂಡರ್ ಇಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಎರಡು ಹಾದಿಯಾಗಿರುತ್ತದೆ. ಆಗ ಒಂದು ಥರ್ಮೋಕಪಲ್ ಮೂರು ಸಿಲಿಂಡರುಗಳನ್ನು ಮಾತ್ರ ನೋಡುತ್ತದೆಂಬುದು ನೆನಪಿರಲಿ.

2. ಇಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ. ಆಮೇಲೆ ಮ್ಯಾನಿಫೋಲ್ಡನ್ನೇ ಕಳಚಿ ಬೆಂಚಿನ ಮೇಲೆ ಕೊರೆಯುವುದು ಎಲ್ಲಕ್ಕಿಂತ ಕ್ಷೇಮ. ಅದು ಆಗದಿದ್ದರೆ ಟರ್ಬೋವನ್ನಾದರೂ ಬಿಚ್ಚಿ. ಕಬ್ಬಿಣದ ಒಂದು ಚೂರು ಒಳಗುಳಿದರೂ ಲಕ್ಷ ಸುತ್ತು ತಿರುಗುವ ಚಕ್ರದ ಎಲೆಗಳು ಮುರಿಯುತ್ತವೆ. ಹಾಗೆಯೇ ಕೊರೆದುಬಿಡೋಣ ಎನ್ನುವ ಮೆಕ್ಯಾನಿಕ್‌ನ ಅವಸರಕ್ಕೆ ಒಪ್ಪಬೇಡಿ.

3. ಸಾಮಾನ್ಯವಾಗಿ ಬರುವ ಫಿಟ್ಟಿಂಗ್ 1/8 ಇಂಚಿನ ಪೈಪ್ ಥ್ರೆಡ್ಡಿನದು. ಇದಕ್ಕೆ ಸುಮಾರು 8.7 ಮಿಲಿಮೀಟರ್ ರಂಧ್ರ ಬೇಕು. ಮೊದಲು ಪಂಚ್ ಮಾಡಿ, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ, ಕೊನೆಗೆ ಅಳತೆಯ ಡ್ರಿಲ್ ಹಾಕಿ. ಡ್ರಿಲ್ಲಿಗೂ ಟ್ಯಾಪಿಗೂ ದಪ್ಪಗೆ ಗ್ರೀಸ್ ಸವರಿದರೆ ಚೂರುಗಳು ಅದಕ್ಕೇ ಅಂಟುತ್ತವೆ. ಈ ಥ್ರೆಡ್ ಓರೆಯಾಗಿ ಕಿರಿದಾಗುತ್ತಾ ಹೋಗುವುದರಿಂದ ಟ್ಯಾಪನ್ನು ಒಂದೇ ಸಲಕ್ಕೆ ಪೂರ್ತಿ ಇಳಿಸಬಾರದು. ಆಗಾಗ್ಗೆ ಫಿಟ್ಟಿಂಗ್ ಕೂರಿಸಿ ನೋಡುತ್ತಿರಬೇಕು. ಕೊನೆಯಲ್ಲಿ ಅಯಸ್ಕಾಂತದಿಂದಲೂ ಬಟ್ಟೆಯಿಂದಲೂ ಒಳಭಾಗವನ್ನು ಶುದ್ಧಮಾಡಿ.

4. ಥರ್ಮೋಕಪಲ್ಲಿನ ತುದಿ ಹೊಗೆಯ ಹಾದಿಯ ನಡುಮಧ್ಯಕ್ಕೆ ಬರಬೇಕು. ಗೋಡೆಗೆ ತಾಗಿದರೆ ಶಾಖ ಕಡಿಮೆ ತೋರಿಸುತ್ತದೆ. ಮುಂದೆ ಬಿಚ್ಚಲು ಅನುಕೂಲವಾಗುವಂತೆ ಥ್ರೆಡ್ಡಿಗೆ ಹೆಚ್ಚು ಶಾಖ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ.

5. ಥರ್ಮೋಕಪಲ್ಲಿನ ತಂತಿ ಗಿಡ್ಡವಾಯಿತೆಂದು ಸಾಧಾರಣ ತಾಮ್ರದ ವೈರನ್ನು ಸೇರಿಸಬಾರದು. ಕೆ-ಟೈಪ್ ತಂತಿಯನ್ನೇ ಸೇರಿಸಬೇಕು. ಪ್ಲಸ್, ಮೈನಸ್ ಅದಲುಬದಲಾಗಕೂಡದು. ಬಣ್ಣ ನೋಡಿ ಗುರುತು ಸಿಗದಿದ್ದರೆ ಅಯಸ್ಕಾಂತ ಹಿಡಿಯಿರಿ. ಎರಡರಲ್ಲಿ ಅಂಟುವ ತಂತಿಯೇ ಮೈನಸ್. ತಂತಿಯನ್ನು ಮ್ಯಾನಿಫೋಲ್ಡ್ ಮತ್ತು ಸೈಲೆನ್ಸರ್ ಕೊಳವೆಗಳಿಂದ ದೂರವಾಗಿ, ಉಜ್ಜದಂತೆ ಕಟ್ಟಿ ಕ್ಯಾಬಿನ್ನಿಗೆ ಒಯ್ಯಬೇಕು.

6. ಮೀಟರಿನ ಪವರ್ ವೈರನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ ಫ್ಯೂಸ್ ಮೂಲಕ ತೆಗೆದುಕೊಳ್ಳಿ. ದೊಡ್ಡ ಲಾರಿಗಳಲ್ಲಿ ಬಹುಮಟ್ಟಿಗೆ 24 ವೋಲ್ಟ್, ಸಣ್ಣ ಗಾಡಿ ಮತ್ತು ಟ್ರ್ಯಾಕ್ಟರುಗಳಲ್ಲಿ 12 ವೋಲ್ಟ್ ಇರುತ್ತದೆ. ಕೊಳ್ಳುವಾಗಲೇ ಇದನ್ನು ವಿಚಾರಿಸಬೇಕು. ರಸ್ತೆಯಿಂದ ಕಣ್ಣು ಹೆಚ್ಚು ಕದಲಿಸದೆ ನೋಡಬಹುದಾದ ಕಡೆ ಮೀಟರನ್ನು ಕೂರಿಸಿ.

7. ಇಂಜಿನ್ ಚಾಲೂ ಮಾಡುವ ಮೊದಲು ಮೀಟರ್ ಹೊರಗಿನ ಹವೆಯ ಶಾಖವನ್ನೇ ತೋರಿಸಬೇಕು. ಚಾಲೂ ಆದ ಮೇಲೆ ಮುಳ್ಳು ಕೆಳಕ್ಕೆ ಹೋದರೆ ತಂತಿಗಳು ಅದಲುಬದಲಾಗಿವೆ ಎಂದು ಅರ್ಥ. ಫಿಟ್ಟಿಂಗಿನ ಸುತ್ತ ಮಸಿ ಕಂಡರೆ ಹೊಗೆ ಸೋರುತ್ತಿದೆ, ಬಿಗಿಮಾಡಿ.

ಮ್ಯಾನಿಫೋಲ್ಡಿಗೆ ಕೊರೆಯಲು ಮನಸ್ಸಿಲ್ಲದವರು ಟರ್ಬೋ ಆದ ಮೇಲಿನ ಕೊಳವೆಗೆ ಹಾಕಿಸುವುದುಂಟು. ಕೆಲಸ ಸುಲಭ. ಆದರೆ ಭಾರ ಎಳೆಯುವಾಗ ಅಲ್ಲಿಯ ಶಾಖ 100ರಿಂದ 200 ಡಿಗ್ರಿಯಷ್ಟು ಕಡಿಮೆ ಇರುತ್ತದೆ, ಮತ್ತು ಈ ಅಂತರ ಭಾರಕ್ಕೆ ತಕ್ಕಂತೆ ಬದಲಾಗುತ್ತದೆ. ಅಂತಹವರು 500 ಡಿಗ್ರಿಯನ್ನೇ ಎಚ್ಚರಿಕೆಯ ಗೆರೆಯೆಂದು ತಿಳಿಯಬೇಕು.

ಮುಳ್ಳನ್ನು ಓದುವುದು ಹೇಗೆ?

ತಯಾರಕರು ತಮ್ಮ ಇಂಜಿನ್ನಿಗೆ ಮಿತಿ ಕೊಟ್ಟಿದ್ದರೆ ಅದೇ ಪ್ರಮಾಣ. ಕೊಡದಿದ್ದಲ್ಲಿ ಟರ್ಬೋಗೆ ಮುಂಚಿನ ಶಾಖಕ್ಕೆ ಈ ಅಂದಾಜು ಸಾಕು:

• ನಿಂತಲ್ಲೇ ಚಾಲೂ ಇದ್ದಾಗ: 120ರಿಂದ 200 ಡಿಗ್ರಿ.
• ಸಮತಟ್ಟಾದ ರಸ್ತೆಯಲ್ಲಿ ಭಾರದೊಡನೆ: 350ರಿಂದ 500 ಡಿಗ್ರಿ.
• ಏರು ರಸ್ತೆಯಲ್ಲಿ: 550ರಿಂದ 650 ಡಿಗ್ರಿ.
• 650 ದಾಟಿದರೆ: ಕಾಲು ಸಡಿಲಿಸಿ, ಗೇರ್ ಇಳಿಸಿ.
• 700 ಡಿಗ್ರಿ: ಇದನ್ನು ದಾಟಲು ಬಿಡಬಾರದು.

ಗೇರ್ ಇಳಿಸಿದರೆ ಇಂಜಿನ್ ಇನ್ನೂ ಜೋರಾಗಿ ಓಡುತ್ತದಲ್ಲ, ಶಾಖ ಹೇಗೆ ಇಳಿಯುತ್ತದೆ ಎಂದು ಕೆಲವರಿಗೆ ಸಂಶಯ. ಸುತ್ತು ಹೆಚ್ಚಿದರೆ ಟರ್ಬೋ ಹೆಚ್ಚು ಗಾಳಿ ಕೊಡುತ್ತದೆ. ಪ್ರತಿ ಹೊಡೆತಕ್ಕೆ ಬೇಕಾಗುವ ಡೀಸೆಲ್ ಕಡಿಮೆಯಾಗುತ್ತದೆ. ನೀರಿನ ಪಂಪೂ ಫ್ಯಾನೂ ಚುರುಕಾಗುತ್ತವೆ. ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತುವ ಲಾರಿ 900 ಮೀಟರಿಗೂ ಹೆಚ್ಚು ಎತ್ತರಕ್ಕೆ ಬರುತ್ತದೆ. ಮೇಲೇರಿದಂತೆ ಗಾಳಿ ತೆಳುವಾಗಿ ಹೊಗೆ ಮತ್ತಷ್ಟು ಬಿಸಿಯಾಗುತ್ತದೆ. ಇಂತಹ ಏರಿನಲ್ಲಿ ಮೇಲಿನ ಗೇರಿನಲ್ಲೇ ಇಂಜಿನ್ನನ್ನು ಗೊರಗೊರ ಎನಿಸುತ್ತಾ ಎಳೆಸುವುದೇ ಪಿಸ್ಟನ್ನಿಗೆ ಗಂಡಾಂತರ.

ಏರು ಹತ್ತಿ ನಿಲ್ಲಿಸಿದ ಕೂಡಲೇ ಕೀ ತೆಗೆಯಬಾರದು. ಆಯಿಲ್ ಹರಿವು ನಿಂತು, ಕಾದ ಟರ್ಬೋ ಬೇರಿಂಗಿನಲ್ಲಿ ಉಳಿದ ಆಯಿಲ್ ಸುಟ್ಟು ಕರಿಯಾಗುತ್ತದೆ. ಮುಳ್ಳು 200 ಡಿಗ್ರಿಗಿಂತ ಕೆಳಗೆ ಬರುವವರೆಗೆ, ಅಂದರೆ ಮೂರರಿಂದ ಐದು ನಿಮಿಷ, ಇಂಜಿನ್ನನ್ನು ಹಾಗೆಯೇ ಓಡಲು ಬಿಡಿ.

ರೋಗ ಗುರುತಿಸಲೂ ಮೀಟರ್ ಬೇಕು

ಒಂದು ಪುಸ್ತಕದಲ್ಲಿ ರಸ್ತೆ, ಹೇರಿದ ತೂಕ, ಗೇರ್ ಮತ್ತು ಮೀಟರಿನ ಅಂಕಿಯನ್ನು ಬರೆದಿಡಿ. ಅದೇ ಏರಿನಲ್ಲಿ ಅದೇ ತೂಕಕ್ಕೆ ಮೊದಲಿಗಿಂತ 50 ಡಿಗ್ರಿ ಹೆಚ್ಚು ಕಂಡರೆ ಏನೋ ಕೆಟ್ಟಿದೆ. ಮೊದಲು ಏರ್ ಕ್ಲೀನರ್ ನೋಡಿ. ಹೊಲದ ಧೂಳಿನಲ್ಲಿ ದುಡಿಯುವ ಗಾಡಿಗಳಲ್ಲಿ ಬಹುಪಾಲು ಅದೇ ಕಟ್ಟಿರುತ್ತದೆ. ಆಮೇಲೆ ಟರ್ಬೋದಿಂದ ಇಂಜಿನ್ನಿಗೆ ಬರುವ ಗಾಳಿಯ ರಬ್ಬರ್ ಕೊಳವೆ ಬಿರಿದಿದೆಯೇ, ಕ್ಲಿಪ್ ಸಡಿಲವಾಗಿದೆಯೇ ನೋಡಿ. ಅನಂತರ ಇಂಜೆಕ್ಟರ್, ಪಂಪ್ ಟೈಮಿಂಗ್, ಕೊನೆಗೆ ಟರ್ಬೋ. ಈ ಕ್ರಮ ಹಿಡಿದರೆ ಕಡಿಮೆ ಖರ್ಚಿನ ತೊಂದರೆಗೆ ದೊಡ್ಡ ರಿಪೇರಿ ಮಾಡಿಸುವುದು ತಪ್ಪುತ್ತದೆ.

ಪಂಪಿನ ಸ್ಕ್ರೂ ತಿರುಗಿಸುವ ಆಸೆ

ಕಡೆಯದಾಗಿ ಒಂದು ಮುಖ್ಯ ಮಾತು. ಹೆಚ್ಚು ಎಳೆಯಲೆಂದು ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿಕೊಡುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಇದೆ. ಸೀಲ್ ಒಡೆದು ಡೀಸೆಲ್ ಹೆಚ್ಚಿಸಿದ ದಿನ ಲಾರಿ ಕುದುರೆಯಂತೆ ಓಡುತ್ತದೆ. ಆದರೆ ಗಾಳಿ ಅಷ್ಟೇ ಇದೆ, ಡೀಸೆಲ್ ಮಾತ್ರ ಹೆಚ್ಚಿದೆ. ಕರಿ ಹೊಗೆ ಅದರ ಗುರುತು. ಮೀಟರಿನ ಅಂಕಿ ಅದರ ಸಾಕ್ಷಿ. ಎತ್ತಿಗೆ ಅದರ ಶಕ್ತಿ ಮೀರಿ ಹೇರಿದರೆ ಅದು ಮಲಗಿ ತಿಳಿಸುತ್ತದೆ. ಇಂಜಿನ್ ಹಾಗೆ ತಿಳಿಸದು. ಒಳಗೇ ಸುಡುತ್ತಾ ಹೋಗಿ ಒಂದು ದಿನ ನಿಲ್ಲುತ್ತದೆ. ಮೀಟರ್ ಹಾಕಿಸಿದ್ದೇವೆಂದು ಮಿತಿಗಿಂತ ಹೆಚ್ಚು ತೂಕ ಹೇರುವುದೂ ಸರಿಯಲ್ಲ. ಮೀಟರ್ ಶಾಖವನ್ನು ತೋರಿಸಬಲ್ಲದು, ಇಳಿಸಲಾರದು. ಇಳಿಸಬೇಕಾದದ್ದು ಚಾಲಕನ ಕಾಲು ಮತ್ತು ಮಾಲೀಕನ ವಿವೇಕ.

ಆದ್ದರಿಂದ ಗಾಡಿ ಓಡಿಸುವ ಮಗನಿಗಾಗಲಿ, ಸಂಬಳದ ಚಾಲಕನಿಗಾಗಲಿ 650, 700 ಮತ್ತು 200 ಎಂಬ ಮೂರು ಅಂಕಿಗಳನ್ನು ಕಲಿಸಿ, ಮೀಟರಿನ ಪಕ್ಕದಲ್ಲೇ ಬರೆದು ಅಂಟಿಸಿ. ಮುಂದಿನ ಸುಗ್ಗಿಯ ಸಾಗಾಟ ಶುರುವಾಗುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಬೇಕೆಂದು ಕೋರುತ್ತೇನೆ.