ಚಾಮಯ್ಯ ಮೇಷ್ಟ್ರು ಮತ್ತು ಅಲಮೇಲು



ಬೆಳಗಿನಿಂದ ಮಾತನಾಡಿದವರಲ್ಲಿ ಮೂವರು ನಮ್ಮ ಮೇಷ್ಟ್ರನ್ನು ಚಾಮಯ್ಯ ಮೇಷ್ಟ್ರಿಗೆ ಹೋಲಿಸಿದರು. ಚಪ್ಪಾಳೆಯೂ ಬಿತ್ತು. ಕೆ.ಎಸ್. ಅಶ್ವಥ್ ಅವರ ಆ ಪಾತ್ರ ಯಾರಿಗೆ ಇಷ್ಟವಿಲ್ಲ? ಆದರೆ ನಾನೂ ಮೇಡಂ ಆದ ಮೇಲೆ ‘ನಾಗರಹಾವು’ ನೋಡಿದಾಗಲೆಲ್ಲ ಕಣ್ಣು ಅಲಮೇಲುವಿನ ಮೇಲೆಯೇ ನಿಲ್ಲುತ್ತದೆ.

1972ರ ಚಿತ್ರ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಚಿತ್ರದುರ್ಗದಲ್ಲಿ ತೆಗೆದದ್ದು. ವಿಷ್ಣುವರ್ಧನ್ ರಾಮಾಚಾರಿ, ಆರತಿ ಅಲಮೇಲು. ಇಬ್ಬರೂ ಪ್ರೀತಿಸುತ್ತಾರೆ, ಜಾತಿ ಅಡ್ಡ ಬರುತ್ತದೆ. ಹೆತ್ತವರ ಮಾತು ಕೇಳದ ಹುಡುಗ ಮೇಷ್ಟ್ರ ಮಾತಿಗೆ ಮಣಿದು ಅವಳನ್ನು ಬಿಟ್ಟುಕೊಡುತ್ತಾನೆ. ಅದನ್ನು ತ್ಯಾಗವೆಂದು ನಾವೆಲ್ಲ ಅತ್ತಿದ್ದೇವೆ. ಬಿಟ್ಟುಕೊಟ್ಟದ್ದು ಯಾರ ಬದುಕನ್ನು? ಅಲಮೇಲುವಿಗೆ ಬೇಡದ ಮದುವೆ ಆಗುತ್ತದೆ. ಮುಂದೆ ರಾಮಾಚಾರಿ ಅವಳನ್ನು ಕಾಣುವುದು ಹೋಟೆಲಿನಲ್ಲಿ, ಮೈ ಮಾರಿಕೊಳ್ಳುವವಳಾಗಿ. ಆ ಸ್ಥಿತಿಗೆ ತಂದವನು ತಾಳಿ ಕಟ್ಟಿದವನೇ.

ಅತಿಯಾಯಿತು, ಸಿನಿಮಾ ತಾನೇ ಎನ್ನಬಹುದು. ಪುಟ್ಟಣ್ಣನವರು ಅತಿ ಮಾಡುತ್ತಿದ್ದರು, ನಿಜ. ಆದರೂ ಮೇಷ್ಟ್ರು ಕೆಟ್ಟವರಲ್ಲ ಎಂದು ತೋರಿಸುತ್ತಲೇ ಅವರ ಮಾತಿನ ಫಲವನ್ನೂ ತೋರಿಸಿದರು. ಒಳ್ಳೆಯ ಮನುಷ್ಯ, ಒಳ್ಳೆಯ ಉದ್ದೇಶ. ಅದೇ ನನಗೆ ಚುಚ್ಚುವುದು.

ಆ ಚಿತ್ರ ಬಂದಾಗ ಕಾನೂನಿನಲ್ಲಿ ಹೆಣ್ಣಿನ ಮದುವೆಯ ವಯಸ್ಸು 15. 1978ರಲ್ಲಿ ಅದು 18 ಆಯಿತು. ನಾನು ಬೇರೊಂದು ಊರಿನಲ್ಲಿ ಪಾಠ ಮಾಡುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಪಿ.ಯು.ಸಿ. ಆಗಿತ್ತು, 18 ತುಂಬಿತ್ತು. ಮುಂದೆ ಓದುವ ಆಸೆ. “ಮಿಸ್, ಈ ಗಂಡು ನನಗೆ ಬೇಡ. ಅಪ್ಪನ ಹತ್ತಿರ ನೀವೊಂದು ಮಾತು ಹೇಳಿ” ಎಂದಳು. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. “ದೊಡ್ಡವರು ಯೋಚನೆ ಮಾಡಿಯೇ ನೋಡಿರ್ತಾರೆ, ಹೊಂದಿಕೊಂಡು ಹೋಗಮ್ಮ” ಎಂದೆ. ಅವಳು ತಲೆಯಾಡಿಸಿ ಹೋದಳು. ಮದುವೆಗೂ ಹೋಗಿ ಅಕ್ಷತೆ ಹಾಕಿ ಬಂದೆ.

ಹಲವು ವರ್ಷಗಳ ಮೇಲೆ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಗಂಡನ ಮನೆ ಬಿಟ್ಟು ಬಂದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ದವಡೆಯ ಕೆಳಗೆ ಹಳೆಯ ಗಾಯದ ಗುರುತು. ನನ್ನ ಕಣ್ಣು ಅಲ್ಲಿ ಹೋದದ್ದು ಕಂಡು ಸೆರಗು ಸರಿಮಾಡಿಕೊಂಡಳು. ನನ್ನ ಆರೋಗ್ಯ ವಿಚಾರಿಸಿದಳು. ಆವತ್ತಿನ ಮಾತನ್ನು ನಾನೇ ತೆಗೆದೆ. “ಬಿಡಿ ಮಿಸ್, ನೀವು ಹೇಳಿದ್ರೂ ನಮ್ಮಪ್ಪ ಕೇಳ್ತಿರಲಿಲ್ಲ” ಎಂದು ನನಗೇ ಸಮಾಧಾನ ಹೇಳಿದಳು.

ಕೇಳುತ್ತಿದ್ದರೋ ಇಲ್ಲವೋ. ಅವರ ಮನೆ ನಮ್ಮ ಶಾಲೆಯಿಂದ ಎರಡೇ ಬೀದಿ ಆಚೆ ಇತ್ತು, ನಾನು ಹೋಗಿರಲಿಲ್ಲ.