ಕಪಾಟಿನಲ್ಲಿ ಉಳಿದ ಮಾಸ್ಕ್ ಯಾರದು?

(ಬೆಳಗಾವಿ, 24 ಜುಲೈ 2020ರ ಜುಮಾ ಖುತ್ಬಾ ಸಾರಾಂಶ)

 

ಝುಲ್‌ಹಜ್ಜ್‌ನ ಮೊದಲ ಹತ್ತು ದಿನಗಳಲ್ಲಿದ್ದೇವೆ. ಕುರ್ಬಾನಿಯ ಮಸ್‌ಅಲಾಗಳು ಮುಂದಿನ ಜುಮಾಕ್ಕಿರಲಿ. ಇಂದು ನಮ್ಮ ಮನೆಯ ಕಪಾಟಿನ ಮಾತು.

ಹಝ್ರತ್ ಅಬೂ ಸಈದ್ ಖುದ್ರಿ(ರ) ವರದಿ ಮಾಡಿದ ಪ್ರಸಂಗವೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರಯಾಣದ ನಡುವೆ ಒಬ್ಬ ವ್ಯಕ್ತಿ ತನ್ನ ಸವಾರಿಯ ಮೇಲೆ ಬಂದು ಬಲಕ್ಕೂ ಎಡಕ್ಕೂ ನೋಡತೊಡಗಿದ. ಬಾಯಿ ಬಿಟ್ಟು ಕೇಳಿದ ಎಂದು ವರದಿಯಲ್ಲಿಲ್ಲ. ಪ್ರವಾದಿ(ಸ)ರಿಗೆ ಅವನ ನೋಟವೇ ಸಾಕಾಯಿತು. ಹೆಚ್ಚಿನ ಸವಾರಿ ಇರುವವರು ಇಲ್ಲದವರಿಗೆ, ಹೆಚ್ಚಿನ ಬುತ್ತಿ ಇರುವವರು ಇಲ್ಲದವರಿಗೆ ಕೊಡುವಂತೆ ಹೇಳಿದರು. ಒಂದೊಂದೇ ವಸ್ತುವನ್ನು ಹೆಸರಿಸುತ್ತಾ ಹೋದಾಗ, ಉಳಿಕೆಯಲ್ಲಿ ತಮಗೆ ಹಕ್ಕೇ ಇಲ್ಲವೇನೋ ಎಂದು ಸಹಾಬಿಗಳಿಗೆ ಅನಿಸಿತಂತೆ.

ಇಂದು ಹಾಗೆ ನೋಡುತ್ತಿರುವವರು ಯಾರು? ನಮ್ಮ ಗಲ್ಲಿಗೆ ಬಂದು ಜ್ವರ, ಕೆಮ್ಮು ವಿಚಾರಿಸುವ ಆಶಾ ಅಕ್ಕಂದಿರು. ಅವರು ಈಗ ಬಾಯಿ ಬಿಟ್ಟೇ ಕೇಳಿದ್ದಾರೆ. ಜುಲೈ 10ರಿಂದ ರಾಜ್ಯದಾದ್ಯಂತ ಮುಷ್ಕರದಲ್ಲಿದ್ದಾರೆ. ತಿಂಗಳಿಗೆ 12,000 ರೂಪಾಯಿ ಗೌರವಧನದ ಜೊತೆಗೆ ಅವರು ಕೇಳುತ್ತಿರುವುದು ರಕ್ಷಣಾ ಸಾಮಗ್ರಿ. ಗೌರವಧನ ಸರ್ಕಾರದ ಜವಾಬ್ದಾರಿ. ಆದರೆ ಮಾಸ್ಕ್, ಗ್ಲೌಸ್ ನಮ್ಮಲ್ಲಿ ಹಲವರ ಮನೆಯಲ್ಲೇ ಇವೆ. ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆಯ ಮಳೆಯನ್ನು ನೆನೆಸಿಕೊಳ್ಳಿ. ನೆನೆದ ಮಾಸ್ಕ್ ಬದಲಿಸಲೇಬೇಕು. ಅಲ್ಲಿ ಮನೆ ಮನೆ ಸುತ್ತುವವರಿಗೆ ದಿನಕ್ಕೆ ಒಂದು ಸಾಲದು.

ಮೊನ್ನೆ ಬುಧವಾರ ರಾತ್ರಿ ನಮ್ಮ ಬಿಮ್ಸ್ ಆಸ್ಪತ್ರೆಯ ಬಳಿ ಆಂಬುಲೆನ್ಸ್‌ಗೆ ಬೆಂಕಿ ಹಚ್ಚಲಾಯಿತು. ಸತ್ತವರ ಮನೆಯವರ ಸಂಕಟ ದೊಡ್ಡದು, ಒಪ್ಪುತ್ತೇವೆ. ಆದರೂ ಮರುದಿನ ಬೆಳಿಗ್ಗೆ ಅದೇ ವಾರ್ಡಿಗೆ ಕಾಲಿಡಬೇಕಾದ ನರ್ಸ್‌ಗಳ ಬಗ್ಗೆಯೂ ಯೋಚಿಸಿ. ಊರು ತಮ್ಮ ಜೊತೆಗಿದೆ ಎಂದು ಅವರಿಗೆ ತಿಳಿಯುವುದು ಹೇಗೆ?

ಕೊಡುವಾಗ ಒಂದು ಎಚ್ಚರ. ತಾವೇ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದ ಕೆಟ್ಟ ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಅಲ್-ಬಕರಾ ಸೂರಾದ 267ನೇ ಆಯತ್ ಕಲಿಸುತ್ತದೆ. ಬಳಸಿದ್ದು, ಪೊಟ್ಟಣ ಒಡೆದದ್ದು, ಅವಧಿ ಮೀರಿದ್ದು, ಲಾಡಿ ಸಡಿಲವಾದದ್ದು ಬೇಡ. ಉದ್ಯಮಬಾಗದ ಫೌಂಡ್ರಿಗಳಲ್ಲಿ, ಗ್ಯಾರೇಜ್‌ಗಳಲ್ಲಿ ದುಡಿಯುವ ಸಹೋದರರು ಗಮನಿಸಿ: ವಾಲ್ವ್ ಇರುವ ಎನ್-95 ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯ ಇದೇ ವಾರ ಎಚ್ಚರಿಸಿದೆ. ಅದು ಹಾಕಿಕೊಂಡವರ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ನಿಮ್ಮ ಗಾಗಲ್ಸ್, ಹೊಸ ಗ್ಲೌಸ್ ಉಪಯೋಗಕ್ಕೆ ಬಂದಾವು.

ವ್ಯಾಪಾರಿಗಳಿಗೂ ಒಂದು ಮಾತು. ಮಾಸ್ಕ್, ಸ್ಯಾನಿಟೈಸರ್‌ಗಳನ್ನು ಅಗತ್ಯ ವಸ್ತುಗಳ ಕಾಯ್ದೆಗೆ ಸೇರಿಸಿದ್ದ ಆದೇಶದ ಅವಧಿ ಜೂನ್ 30ಕ್ಕೆ ಮುಗಿದಿರಬಹುದು. ದರ ಏರಲೆಂದು ದಾಸ್ತಾನು ಕೂಡಿಡುವ ಇಹ್ತಿಕಾರ್‌ಗೆ ಷರೀಅತ್‌ನಲ್ಲಿ ಅಂಥ ಕೊನೆಯ ದಿನಾಂಕವಿಲ್ಲ.

ಮನೆಗೆ ಬೇಕಾದಷ್ಟು ಇಟ್ಟುಕೊಳ್ಳಿ, ವೃದ್ಧರಿದ್ದರೆ ಇನ್ನೂ ನಾಲ್ಕು ಹೆಚ್ಚೇ ಇಟ್ಟುಕೊಳ್ಳಿ. ಉಳಿದದ್ದನ್ನು ರವಿವಾರ ಅಸರ್ ನಮಾಝ್‌ನ ನಂತರ ಮಸೀದಿಗೆ ತನ್ನಿ. ಹೆಸರು ಬರೆಸಬೇಕಿಲ್ಲ, ಫೋಟೋ ಬೇಡವೇ ಬೇಡ. ಬಿಮ್ಸ್‌ನವರಿಗೂ ಖಾನಾಪುರ ತಾಲ್ಲೂಕು ಆಸ್ಪತ್ರೆಯವರಿಗೂ ಮೊದಲು ಫೋನ್ ಮಾಡಿ, ಏನು ಬೇಕೆಂದು ಕೇಳಿಯೇ ತಲುಪಿಸುತ್ತೇವೆ. ಆಶಾ ಅಕ್ಕಂದಿರ ಪಾಲನ್ನು ಬೇರೆಯೇ ತೆಗೆದಿಡುತ್ತೇವೆ.